ಕಡ್ಡಿಯ ತುದಿಯ ದೀಪ

ನಾಗರ ಪಂಚಮಿಯ ದಿನ, ಓಣಿಯ ಹುಡುಗರೆಲ್ಲ ಜೋಕಾಲಿ ಜೀಕುತ್ತಿದ್ದಾಗ, ಏಳನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಮನೆಯಿಂದ ಹೊರಬಿದ್ದವನು ಅಡಿವೆಪ್ಪ. ಏಳು ಕೆರೆಯ ನೀರು ಕುಡಿದ. ಮಠದಿಂದ ಮಠಕ್ಕೆ ಅಲೆದ. ಗುರುಗಳ ಮಾತು ಕೇಳಿ ಕೇಳಿ, ಯಾವ ದುಃಖಕ್ಕೆ ಯಾವ ಮಾತು ಎಂಬುದು ಬಾಯಿಪಾಠವಾಯಿತು. ಈಗ ಕಾಲು ಸೋತಿದ್ದವು. ಎಲ್ಲಾದರೂ ಒಂದು ಕಡೆ ಬೆನ್ನು ಊರಿದರೆ ಸಾಕು ಎನಿಸಿತ್ತು. ಅಷ್ಟರಲ್ಲಿ ಒಂದು ಊರಿನವರು ಗುಡಿಸಲು ಕಟ್ಟಿಕೊಟ್ಟು, “ಇಲ್ಲೇ ಇರ್ರಿ, ನಮಗ ಗುರು ಆಗ್ರಿ” ಎಂದರು. ಸೋಮವಾರ ಗದ್ದುಗೆಯ ಮೇಲೆ ಕೂರಬೇಕು. ಅದಕ್ಕೂ ಮೊದಲು ಅವನು ತನ್ನ ಹಳೆಯ ಗುರು ಮುದುಕಯ್ಯಜ್ಜನ ಬಳಿ ಬಂದು ಕೇಳಿದ:

“ಅಜ್ಜಾರ, ನನಗ ಒಳಗ ಯಾವ ಬೆಳಕೂ ಕಂಡಿಲ್ಲ, ಖರೆ. ಆದರ ಜನ ಕೇಳಿದ್ದಕ್ಕ ಉತ್ತರ ಕೊಡಾಕ ಬರತೈತಿ. ಸಮಾಧಾನ ಆಗಿ ಹೋಗ್ತಾರ. ನಾ ಅಲ್ಲಿ ಕುಂತರ ತಪ್ಪೇನ್ರಿ?”

“ಕುಂತರ ಕಾಲಿಗೆ ಚಲೋನ,” ಎಂದ ಅಜ್ಜ. ಆಮೇಲೆ ಈ ಕತೆ ಹೇಳಿದ.

ಹುಳುಗಳ ಮೇಲೆ ಸಂಶೋಧನೆ ಮಾಡುವ ಒಬ್ಬ ಪಂಡಿತನಿದ್ದ. ಮಿಂಚುಹುಳುಗಳ ಮಾತು ಅರಿಯಬೇಕೆಂಬುದೇ ಅವನ ಹಟ. ರೆಕ್ಕೆ ಬಂದ ಮೇಲೆ ಅವು ಬದುಕುವುದೇ ಕೆಲವು ವಾರ. ಗಂಡು ಹಾರುತ್ತ ಮಿನುಗಿ ಕೇಳುತ್ತದೆ. ಹುಲ್ಲಿನಲ್ಲಿ ಕೂತ ಹೆಣ್ಣು ತುಸು ತಡೆದು ಮಿನುಗಿ ಓಗೊಡುತ್ತದೆ. ಆ ತಡೆಯಲ್ಲೇ ಗುಟ್ಟು. ಅವಸರ ಮಾಡಿದರೆ ಗಂಡು ನಂಬದು, ತಡವಾದರೆ ನಿಲ್ಲದು. ಅದನ್ನು ಹಿಡಿಯಲು ಪಂಡಿತ ವರ್ಷಗಟ್ಟಲೆ ಕೆರೆಯಂಚಿನ ಕೆಸರಿನಲ್ಲಿ ಕೂತ. ಸೊಳ್ಳೆಗಳು ಮುತ್ತಿದವು. ಕೈ ಆಡಿಸಿದರೆ ಹುಳು ಬೆದರುತ್ತವೆಂದು ಸುಮ್ಮನೆ ಕಚ್ಚಿಸಿಕೊಂಡ. ಚಳಿಜ್ವರ ಬಂತು, ಬಿಟ್ಟಿತು, ಮತ್ತೆ ಬಂತು.

ಕೊನೆಗೊಂದು ಸಂಜೆ ಕಡ್ಡಿಯ ತುದಿಗೆ ಸಣ್ಣ ಬಲ್ಬು ಕಟ್ಟಿ, ಹೆಣ್ಣಿನಂತೆಯೇ ತಡೆದು ಮಿನುಗಿಸಿದ. ಒಂದು ಗಂಡು ಇಳಿದು ಬಂತು. ಹಿಂದೆಯೇ ಇನ್ನೊಂದು, ಮತ್ತೊಂದು. ಪಂಡಿತ ಓಡಿಹೋಗಿ ಹೆಂಡತಿಯನ್ನು ಕರೆತಂದ.

“ನೋಡೇ, ನಾ ಕರೆದರ ಬರತಾವ!”

ಅವಳು ಬಗ್ಗಿ ನೋಡಿದಳು. ಹುಳುಗಳು ಗಾಜಿನ ಸುತ್ತ ತೆವಳುತ್ತಿದ್ದವು, ನಿಂತು ಮಿನುಗುತ್ತಿದ್ದವು, ಮತ್ತೆ ತೆವಳುತ್ತಿದ್ದವು. ಅಷ್ಟರಲ್ಲಿ ಸೊಳ್ಳೆಯೊಂದು ಅವಳ ಕುತ್ತಿಗೆಗೆ ಕಚ್ಚಿ ಹಾರಿತು.

“ಹೆಣ್ಣು ಸೊಳ್ಳೆ ಅದು,” ಎಂದ ಪಂಡಿತ, ಗೊತ್ತಿದ್ದುದನ್ನು ಹೇಳದೆ ಇರಲಾರದವನು. “ಮೊಟ್ಟಿ ಇಡಾಕ ರಕ್ತ ಬೇಕು ಅದಕ್ಕ.”

ಅವಳು ಕುತ್ತಿಗೆ ತಿಕ್ಕಿಕೊಂಡಳು. “ಅದಕ್ಕ ಬೇಕಾದ್ದು ನನ್ನ ಹತ್ರ ಇತ್ತು, ಕುಡಕೊಂಡು ಹೋತು. ಇವಕ್ಕ ಬೇಕಾದ್ದು ನಿಮ್ಮ ಹತ್ರ ಐತೇನು?”

ಪಂಡಿತ ದೀಪ ಆರಿಸಿದ. ಹುಳುಗಳು ಕೂಡಲೇ ಹೋಗಲಿಲ್ಲ. ಆರಿದ ಗಾಜಿಗೆ ಮಿನುಗುತ್ತ ಕಾದವು.

ಅಜ್ಜ ಅಷ್ಟಕ್ಕೆ ನಿಲ್ಲಿಸಿದ. ಅಡಿವೆಪ್ಪನಿಗೆ ಗುಡಿಸಲು ಕಣ್ಣ ಮುಂದೆ ಬಂತು. ಹೊಸ ಹುಲ್ಲಿನ ಸೂರು, ಸಾರಿಸಿದ ನೆಲ. ಅದನ್ನು ಬಿಟ್ಟುಕೊಡಲು ಅವನ ದಣಿದ ಮೈ ಒಪ್ಪಲಿಲ್ಲ.

“ಒಳಗ ಏನೂ ಇಲ್ಲ ಅಂತ ಗೊತ್ತಾದ ಮ್ಯಾಲೆ ಬ್ಯಾರೆ ಕಡೆ ಹಾರಿ ಹೋಗ್ತಿದ್ವು ಬಿಡ್ರಿ, ಅಜ್ಜಾರ,” ಎಂದ.

“ಹೋಗ್ತಿದ್ವು ತಮ್ಮಾ,” ಎಂದ ಅಜ್ಜ, “ಗೊತ್ತಾಗೋತನಕ ಬದುಕಿದ್ದರ.”

ಅಡಿವೆಪ್ಪ ಎದ್ದು ಆ ಊರಿಗೆ ಮರಳಿದ. ಸೋಮವಾರ ನಸುಕಿನಲ್ಲೇ ಗುಡಿಸಲಿನ ಕದ ತೆರೆದಿಟ್ಟು, ಜನ ಬರುವ ಮೊದಲೇ ಕಂಬಳಿ ಮಡಚಿ ಹೆಗಲಿಗೇರಿಸಿ ದಾರಿ ಹಿಡಿದ.