ಕದ ಕೊಟ್ಟ ಮಠ

ನೆರಳಗುಂದಿಯ ಗುಡ್ಡ ಹತ್ತಿ ಮಠದೆದುರು ನಿಂತವರು ಮೊದಲು ಹುಡುಕುವುದು ಅದರ ಬಾಗಿಲನ್ನು. ಎರಡಾಳೆತ್ತರದ ಕಲ್ಲಿನ ಚೌಕಟ್ಟಿದೆ, ಹೊಸ್ತಿಲಿದೆ, ಕದ ತಿರುಗಲು ಕೊರೆದ ಗುಣಿಗಳೂ ಇವೆ. ಕದ ಮಾತ್ರ ಇಲ್ಲ. ಪಕ್ಕದಲ್ಲೇ ಮಠದವರು ಧರ್ಮಾರ್ಥವಾಗಿ ನಡೆಸುವ ಹೆರಿಗೆ ಆಸ್ಪತ್ರೆ. ಅಲ್ಲಿ ನಾನು ಇಪ್ಪತ್ತಾರು ವರ್ಷ ದಾದಿಯಾಗಿದ್ದೆ. ಕದವನ್ನು ಕಳ್ಳರು ಒಯ್ದರೋ, ದಂಡು ಬಂದು ಮುರಿಯಿತೋ ಎಂದು ಬಂದವರೆಲ್ಲ ಕೇಳುತ್ತಾರೆ. ಎರಡೂ ಅಲ್ಲ. ಇದಕ್ಕೆ ಕದ ಕೊಟ್ಟ ಮಠ ಎಂಬ ಹೆಸರು ಬಂದದ್ದು ಒಬ್ಬ ಹಟಮಾರಿ ಸೂಲಗಿತ್ತಿಯಿಂದ.

ಹಿಂದೆ ಒಮ್ಮೆ ಈ ಮಠದಲ್ಲಿ ಗುರುಶಾಂತಯ್ಯ ಎಂಬ ಸ್ವಾಮಿಗಳಿದ್ದರು. ಊರವರಿಗೆ ಅವರು ಅಜ್ಜಾರು. ಶ್ರಾವಣ ಬಂತೆಂದರೆ ಒಳಗಿನಿಂದ ಅಗುಳಿ ಹಾಕಿ, ತಿಂಗಳು ಮುಗಿಯುವವರೆಗೆ ಕದ ತೆಗೆಯದೆ, ಮಾತಾಡದೆ ಅನುಷ್ಠಾನಕ್ಕೆ ಕೂರುತ್ತಿದ್ದರು. ಹನ್ನೆರಡು ಶ್ರಾವಣಗಳ ಸಂಕಲ್ಪ ಅದು. ಹನ್ನೆರಡನೆಯದು ಮುಗಿಯಲು ಇನ್ನು ನಾಲ್ಕೇ ದಿನ ಉಳಿದಿತ್ತಂತೆ. ಆಗ ಗುಡ್ಡದ ಕೆಳಗೆ, ಕೆರೆಯ ತೂಬು ಕಟ್ಟಲು ಬಂದ ಕಲ್ಲುಕುಟಿಗರು ಚಾಪೆ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲಿ ತಿಮ್ಮಣ್ಣನ ಹೆಂಡತಿ ಯಂಕವ್ವನಿಗೆ ಚೊಚ್ಚಲ ಹೆರಿಗೆಯ ಬೇನೆ ಶುರುವಾಗಿ ಎರಡನೆಯ ದಿನ. ಮಳೆ ಬಿಟ್ಟಿರಲಿಲ್ಲ, ಗುಡಿಸಲ ನೆಲ ಕೆಸರು, ಒಲೆ ಹೊತ್ತುತ್ತಿರಲಿಲ್ಲ.

ಹೆರಿಗೆ ಕಷ್ಟವಾದರೆ ಊರೊಳಗಿನ ಕೀಲಿ, ಗಂಟುಗಳನ್ನೆಲ್ಲ ಬಿಚ್ಚುವುದು ಈ ಸೀಮೆಯ ಪದ್ಧತಿ. ಸೂಲಗಿತ್ತಿ ಗಾಳೆವ್ವ ಹೇಳಿದ್ದೇ ತಡ, ಜನ ಪೆಟ್ಟಿಗೆ ತೆರೆದರು, ನೆಲದಡಿ ಕಾಳು ತುಂಬಿಟ್ಟ ಹಗೇವುಗಳ ಬಾಯಿ ತೆಗೆದರು, ದನಗಳ ಕಣ್ಣಿ ಬಿಚ್ಚಿದರು, ಹೆಂಗಸರು ಮುಡಿ ಬಿಚ್ಚಿದರು. ದನಗಳು ಗೌಡರ ಜೋಳಕ್ಕೆ ನುಗ್ಗಿದವು, ಯಾರೂ ಅಡ್ಡ ಹೋಗಲಿಲ್ಲ. ಕೂಸು ಮಾತ್ರ ಬರಲಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗೂ ಮಠದ ಅಗುಳಿ ನೆನಪಾಗಲಿಲ್ಲ. ಅದು ದೇವರ ಬಾಗಿಲು, ಊರಿನ ಲೆಕ್ಕಕ್ಕೆ ಬಾರದ್ದು ಎಂದು ಬಿಟ್ಟಿದ್ದರು. ಗಾಳೆವ್ವ ಬಿಡಲಿಲ್ಲ. ಆ ಮಳೆಯಲ್ಲೇ ಮೆಟ್ಟಿಲು ಹತ್ತಿ ಹೋಗಿ ಕದವನ್ನು ಎರಡೂ ಕೈಯಿಂದ ಬಡಿದಳು.

"ಅಜ್ಜಾರ, ಊರಾಗಿನ ಕೀಲಿ ಎಲ್ಲಾ ತಗಿಸೀನಿ. ನಿಮ್ಮದೊಂದ ಉಳದೈತಿ. ತಗೀತೀರೋ, ಎರಡೂ ಜೀವ ತಂದು ನಿಮ್ಮ ಹೊಸ್ತಲದಾಗ ಇಡಲೋ?"

ಹನ್ನೆರಡು ವರ್ಷದ ತಪಸ್ಸು ನಾಲ್ಕು ದಿನ ಉಳಿದಿರುವಾಗ ಮುರಿಯುವುದೆಂದರೆ ಅದೇನು ಸಣ್ಣ ಮಾತೇ? ಆದರೂ ಅಗುಳಿ ಸರಿದ ಸದ್ದು ಕೇಳಿತು. ಅಜ್ಜಾರು ಮೌನವನ್ನೂ ಮುರಿದು, "ತಗದೆ ತಾಯಿ. ಇನ್ನೇನ ಬೇಕು?" ಎಂದರು.

"ಈ ಕದಾನ ಬೇಕ್ರಿ," ಎಂದಳು ಗಾಳೆವ್ವ. "ಆಕಿಗೆ ಏಳಾಕ ಆಗವಲ್ದು. ಇದರ ಮ್ಯಾಲ ಹೊತಗೊಂಡ ಬರ್ತೀವಿ."

ಕೀಲಿ ತೆಗೆದರೆ ಕೂಸು ಬರುತ್ತದೆ ಎಂದು ನಾನು ನಂಬುವವಳಲ್ಲ. ಗಾಳೆವ್ವ ನಂಬಿದ್ದಳೋ ಇಲ್ಲವೋ, ಮಠದೊಳಗೆ ಒಣಗಿದ ನೆಲ, ಮಳೆ ತಾಗದ ಒಲೆ, ದಾಸೋಹದ ದೊಡ್ಡ ಹಂಡೆ ಇವೆ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕಾ ಹೆಂಗಸು! ಕಲ್ಲುಕುಟಿಗರು ಕದವನ್ನು ಗುಣಿಯಿಂದ ಎತ್ತಿ, ಅದರ ಮೇಲೆ ಯಂಕವ್ವನನ್ನು ಮಲಗಿಸಿ, ಕಲ್ಲು ಹೊತ್ತು ಪಳಗಿದ ಹೆಗಲ ಮೇಲೆ ಅಲುಗಾಡದಂತೆ ಗುಡ್ಡ ಹತ್ತಿಸಿದರು. ಹೆಂಗಸರು ಮಠವನ್ನೇ ತುಂಬಿಕೊಂಡರು. ಒಂದು ತಿಂಗಳು ಹೊರಗೆ ಬಾರೆನೆಂದಿದ್ದ ಅಜ್ಜಾರು ತಿಮ್ಮಣ್ಣನ ಜೊತೆ ಬಿಲ್ವದ ಮರದಡಿ ನೆನೆಯುತ್ತ ನಿಂತರು. ಕಾಲು ಮುಂದಾಗಿ ಬಂದ ಕೂಸು ಮೊದಲು ಉಸಿರೇ ಎತ್ತಲಿಲ್ಲವಂತೆ. ಗಾಳೆವ್ವ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅದರ ಬೆನ್ನುಜ್ಜಿದಳು, ಬೈದಳು, ಮತ್ತೆ ಉಜ್ಜಿದಳು. ಕಡೆಗೆ ಅದು ಗುಡ್ಡಕ್ಕೆಲ್ಲ ಕೇಳುವಂತೆ ಕಿರುಚಿತು. ಅಜ್ಜಾರು ಕೂಸು ಗಂಡೋ ಹೆಣ್ಣೋ ಎಂದು ಕೇಳಲಿಲ್ಲ, "ತಾಯಿ ಹೆಂಗದಾಳ?" ಎಂದು ಕೇಳಿದರು. "ಗಂಜಿ ಕೇಳಾಕತ್ತಾಳ್ರಿ," ಎಂದು ಒಳಗಿನಿಂದ ಉತ್ತರ ಬಂತು. ಈ ಮಾತಿಗೆ ಬಂದಾಗ ನನಗೆ ಇಂದಿಗೂ ಎದೆ ಹಗುರಾಗುತ್ತದೆ. ಎಷ್ಟೋ ಹೆರಿಗೆಗಳಲ್ಲಿ ನಾನೂ ಈ ಒಂದು ಮಾತಿಗೇ ಕಾದಿದ್ದೇನೆ.

ಮರುದಿನ ಕದ ಕೂರಿಸಲು ಬಡಿಗ ಬಂದ. ಅಜ್ಜಾರು ಅವನನ್ನು ತಡೆದು, "ಅದರ ಮ್ಯಾಲ ಬಾಣಂತಿ ಮಲಗ್ಯಾಳ. ಎಬ್ಬಿಸಿ ಕದ ಹಾಕ್ತೀಯೇನಪಾ? ಹಲಗಿ ಖಾಲಿ ಆಗ್ಲಿ, ಬಾ," ಎಂದು ಕಳಿಸಿದರು. ಯಂಕವ್ವ ಏಳುವ ಹೊತ್ತಿಗೆ ಪಕ್ಕದ ಹಳ್ಳಿಯಿಂದ ಇನ್ನೊಬ್ಬ ಬಸುರಿಯನ್ನು ಗಾಡಿಯಲ್ಲಿ ತಂದಿದ್ದರು. ಅವಳು ಎದ್ದಾಗ ಮತ್ತೊಬ್ಬಳು. ಬಡಿಗ ನಾಲ್ಕು ಸಲ ಬಂದು ನೋಡಿ, ಐದನೆಯ ಸಲ ತನ್ನ ಮಗಳನ್ನೇ ಹೆರಿಗೆಗೆ ಕರೆತಂದ ಎನ್ನುತ್ತಾರೆ.

ಈಗ ಆಸ್ಪತ್ರೆಯಲ್ಲಿ ಕಬ್ಬಿಣದ ಮಂಚಗಳಿವೆ, ಡಾಕ್ಟರಿದ್ದಾರೆ, ಆಂಬುಲೆನ್ಸ್ ಗುಡ್ಡದ ಮೇಲಕ್ಕೇ ಬರುತ್ತದೆ. ಆದರೆ ವಾರ್ಡಿನ ಕಿಟಕಿಯ ಬಳಿ, ಅಗುಳಿಯ ಬಳೆ ಇನ್ನೂ ಅಂಟಿಕೊಂಡಿರುವ ಆ ದಪ್ಪ ಹಲಗೆಯನ್ನು ನೋಡಬಹುದು. ಹೆತ್ತವಳು ಮೊದಲ ಸಲ ಎದ್ದಾಗ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು ಅದರ ಮೇಲೆಯೇ. ಕದ ಯಾವಾಗ ಹಾಕಿಸುತ್ತೀರಿ ಎಂದು ಯಾರಾದರೂ ಕೇಳಿದರೆ ಈಗಿನ ಸ್ವಾಮಿಗಳೂ "ಹಲಗಿ ಖಾಲಿ ಆಗ್ಲಿ" ಎಂದೇ ನಗುತ್ತಾರೆ. ನನ್ನ ಇಪ್ಪತ್ತಾರು ವರ್ಷದಲ್ಲಿ ಅದು ಒಂದು ದಿನವೂ ಖಾಲಿಯಾಗಲಿಲ್ಲ.