ತುಂಬಿದ ಬುಟ್ಟಿ

“ಗುರುಗಳೇ, ಮಠ ತುಂಬಿ ತುಳುಕುತ್ತಿದೆ. ಪಂಕ್ತಿಯಲ್ಲಿ ಕೂರಲು ಜಾಗವಿಲ್ಲ. ಆದರೂ ಮಠ ಬರಿದಾಯಿತು ಎನ್ನುತ್ತೀರಿ, ಏಕೆ?” ಎಂದು ಮಠದ ಉಸ್ತುವಾರಿ ನೋಡುವ ಮಾಳಪ್ಪ ಕೇಳಿದ. ಆ ತಿಂಗಳಲ್ಲಿ ಅವನು ಹೀಗೆ ಕೇಳುತ್ತಿರುವುದು ಮೂರನೆಯ ಸಲ. ಗುರುಗಳಿಗೆ ರೇಗಿತು. “ಇದೊಂದು ಸಲವಾದರೂ ಕಿವಿಗೊಟ್ಟು ಕೇಳು” ಎಂದು ಹೇಳತೊಡಗಿದರು.

ಒಂದು ಹಳ್ಳ. ಮೇಲುಗಡೆ ಒಬ್ಬ ಬಣ್ಣಗಾರ ನೂಲಿಗೆ ಬಣ್ಣ ಹಾಕಿ, ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲುತ್ತಿದ್ದ. ಕೆಳಗಡೆ ಒಬ್ಬ ಮೀನುಗಾರ ಬಲೆ ಬೀಸುತ್ತಿದ್ದ. ಅವನ ಮಗಳು ಹೆರಿಗೆಗೆ ಬಂದಿದ್ದಳು. ಕೂಸಿಗೆ ಹಾಲು ಸಾಲುತ್ತಿರಲಿಲ್ಲ. ಕಲ್ಲುಸಂದಿಯ ಕಿರುಮೀನಿನ ಸಾರು ಕೊಟ್ಟರೆ ಹಾಲು ಬರುತ್ತದೆಂದು ಆ ಮನೆಯ ನಂಬಿಕೆ. ಹತ್ತು ದಿನ ಬಲೆ ಬೀಸಿದರೂ ಒಂದು ಕಿರುಮೀನು ಸಿಗಲಿಲ್ಲ. ಸಿಕ್ಕಿದ್ದೆಲ್ಲ ಚೇಳುಮೀನು, ಅದೂ ಬುಟ್ಟಿಗಟ್ಟಲೆ. ಬಾಣಂತಿಗೆ ಅದು ನಂಜು, ಕೊಡುವಂತಿಲ್ಲ.

ಮೀನುಗಾರ ಬಣ್ಣಗಾರನ ಬಳಿಗೆ ಹೋಗಿ, ನಿನ್ನ ಬಣ್ಣದ ನೀರಿನಿಂದಲೇ ಮೀನು ಇಲ್ಲವಾಯಿತು ಎಂದ. “ನನ್ನ ನೀರಿನಿಂದ ಸತ್ತ ಮೀನು ಒಂದಾದರೂ ತೋರಿಸು” ಎಂದ ಬಣ್ಣಗಾರ. ತೋರಿಸಲು ಒಂದೂ ಇರಲಿಲ್ಲ. ಮೀನುಗಾರ ಬುಟ್ಟಿ ಹೊತ್ತು ಊರಗೌಡನ ಬಳಿಗೆ ಹೋದ. ಗೌಡ ಬುಟ್ಟಿಯನ್ನು ಎತ್ತಿ ನೋಡಿದ. ಚೆನ್ನಾಗಿ ಭಾರವಿತ್ತು.

“ಹೋದ ವರ್ಷಕ್ಕಿಂತ ಹೆಚ್ಚೇ ಇದೆಯಲ್ಲೋ! ತುಂಬಿದ ಬುಟ್ಟಿ ಹೊತ್ತು ಬಂದು ಮೀನಿಲ್ಲ ಅಂತೀಯಲ್ಲ, ತಲೆ ನೆಟ್ಟಗಿದೆಯಾ ನಿನಗೆ?”

ಮೀನುಗಾರನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಗೌಡರೇ, ಬಣ್ಣ ಬೆರೆತ ಆ ನೀರಲ್ಲಿ ಮೀನಿಗೆ ಉಸಿರಾಡೋಕಾಗಲ್ಲ. ಮೇಲೆ ಬಂದು ಗಾಳಿ ನುಂಗೋ ಈ ಒಂದೇ ಜಾತಿ ಉಳಿದಿದೆ. ಮಿಕ್ಕವುಗಳ ಮೊಟ್ಟೆ ಕೆಸರಲ್ಲೇ ಕೊಳೀತವೆ. ಸತ್ತರೆ ಹೆಣ ತೇಲುತ್ತೆ, ಹುಟ್ಟದೇ ಹೋದದ್ದಕ್ಕೆ ಹೆಣ ಎಲ್ಲಿಂದ ತರಲಿ?”

ಗೌಡ ನಕ್ಕುಬಿಟ್ಟ. ಕಟ್ಟೆಯ ಮೇಲಿದ್ದವರೂ ನಕ್ಕರು. ಬುಟ್ಟಿ ಕಣ್ಣೆದುರಿಗೇ ತುಂಬಿತ್ತಲ್ಲ! ಮೀನುಗಾರ ಬೇಸತ್ತು ಮನೆಗೆ ಬಂದ. ಮಗಳಿಗೆ ಮುಖ ತೋರಿಸಲಾರದೆ ಹಿತ್ತಲಲ್ಲೇ ಕುಳಿತ. ಒಳಗೆ ಕೂಸು ಅಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮಾಳಪ್ಪನಿಗೆ ಇನ್ನೂ ಅನುಮಾನ. “ಆದರೆ ಗುರುಗಳೇ, ನಾವು ಇಲ್ಲಿಂದ ಯಾರನ್ನೂ ಹೊರಗೆ ಹಾಕಿಲ್ಲವಲ್ಲ?”

“ಹಾಗಾದರೆ ಹೇಳು, ನಾನು ತಪ್ಪೆಂದು ನನ್ನೆದುರು ನಿಂತು ಹೇಳುವವನು ಈ ಪಂಕ್ತಿಯಲ್ಲಿ ಯಾರಿದ್ದಾನೆ?”

ಮಾಳಪ್ಪ ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ಹುಡುಕಿದ, ಅಂಥವನು ಒಬ್ಬನೂ ಕಾಣಲಿಲ್ಲ.