ಮೇಕೆಕಚ್ಚು ತೋಳಿನ ರವಿಕೆ

ಹೂಂಗುಡೋಕೆ ಒಬ್ಬರಾದರೂ ಇದ್ದೀರಾ? ಇದ್ದರೆ ಹೇಳ್ತೀನಿ, ಕೇಳಿ.

ನೂಲಹಳ್ಳಿ ಅಂತ ಒಂದು ಊರು. ಆ ಊರಿನ ಪೇಟೆ ಬೀದಿಯಲ್ಲಿ ತಿಪ್ಪಮ್ಮ ಅಂತ ಒಬ್ಬಳು ರವಿಕೆ ಹೊಲಿಯೋಳು. ಬರೀ ರವಿಕೆ ಅಲ್ಲ. ಸೀರೆಗೆ ಕುಚ್ಚು ಕಟ್ಟೋಳು. ಹಳೇ ಸೀರೆ ಕೊಟ್ಟರೆ ಲಂಗ ಮಾಡೋಳು, ಲಂಗ ಹಳೇದಾದರೆ ಕೈಚೀಲ ಮಾಡೋಳು, ಚೀಲ ಹರಿದರೆ ಚಿಂದಿ ಜೋಡಿಸಿ ಕೌದಿ ಹೊಲಿಯೋಳು. ಅವಳ ಮನೇಲಿ ಬಟ್ಟೆ ಚೂರಿಗೆ ಸಾವು ಅಂತ ಇರಲಿಲ್ಲ. ವರ್ಷಕ್ಕೆ ಋತು ಆರೇ ಇರಬಹುದು, ನೂಲಹಳ್ಳಿ ಹೆಂಗಸರ ತೋಳಿಗೆ ಏಳೆಂಟು. ಬೇಸಿಗೆಗೆ ಗಿಡ್ಡ ತೋಳು, ಮಳೆಗಾಲಕ್ಕೆ ಮೊಣಕೈ ತೋಳು, ಹಬ್ಬಕ್ಕೆ ಬುಗ್ಗೆ ತೋಳು, ಚಳಿಗೆ ಮಣಿಕಟ್ಟಿನ ತನಕ ತೋಳು. ಯಾವಾಗ ಯಾವ ತೋಳು ಬರುತ್ತೆ ಅಂತ ತಿಪ್ಪಮ್ಮನಿಗೆ ಗಾಳಿ ಬೀಸಿದರೆ ಗೊತ್ತಾಗೋದು.

ಅವಳಿಗೆ ಅರ್ಥವಾಗದೆ ಉಳಿದದ್ದು ಒಂದೇ, ಹೆತ್ತ ಮಗ. ಹೆಸರು ಪಾಲಯ್ಯ, ವಯಸ್ಸು ಇಪ್ಪತ್ತಾರು. ಎತ್ತಿನಂಥ ಮೈ, ಹಾಲಿನಂಥ ಮನಸ್ಸು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಕಷ್ಟ. "ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡ್ತಾ ಕೂತಿರೋನು, ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು ಹೋಗೋದು.

ಆ ವರ್ಷ ತಿಪ್ಪಮ್ಮನ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸೋಕೆ ಆಗ್ತಿರಲಿಲ್ಲ. ಅದೇ ವರ್ಷ ಬಸ್ ಸ್ಟ್ಯಾಂಡ್ ಹತ್ತಿರ ಸಿದ್ಧ ಉಡುಪಿನ ಅಂಗಡಿಯೂ ಬಂತು. ಗಾಜಿನ ಬಾಗಿಲು, ಗಾಜಿನ ಒಳಗೆ ನಗೋ ಗೊಂಬೆ. ತಿಪ್ಪಮ್ಮನ ಹತ್ತಿರ ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಆ ಕಡೆ ತಿರುಗಿದರು.

"ಪಾಲಾ, ಇನ್ಮೇಲೆ ನೀನೂ ನನ್ನ ಜತೆ ಕೂರಬೇಕು ಕಣೋ. ಇಲ್ಲಾಂದ್ರೆ ಇಬ್ಬರೂ ಉಪವಾಸ" ಅಂದಳು.

"ಹೂಂ ಅವ್ವಾ" ಅಂದ ಪಾಲಯ್ಯ. ಹೋಗಿ ಅವ್ವನ ಪಕ್ಕದಲ್ಲಿ ಕೂತ. ಮಧ್ಯಾಹ್ನದ ತನಕ ಕೂತೇ ಇದ್ದ.

"ಕೂತರೆ ಆಯ್ತೇನೋ? ಕೆಲಸ ಮಾಡಬೇಕು" ಅಂದಳು ತಿಪ್ಪಮ್ಮ.

ಅದನ್ನ ಮೊದಲೇ ಹೇಳಬಾರದಿತ್ತಾ ಅಂತ ಪಾಲಯ್ಯನಿಗೆ ಅನ್ನಿಸಿತು. ಆದರೆ ಅವ್ವ ಅವ್ವನೇ. ಸೂಜಿ ಕೊಟ್ಟಳು, ದಾರ ಪೋಣಿಸಿದ. ಗೆರೆ ಹಾಕಿ ಕೊಟ್ಟಳು, ಗೆರೆ ಮೇಲೇ ಹೊಲಿದ. ಇರುವೆ ಸಾಲು ಹೋದ ಹಾಗೆ ಸಣ್ಣ ಸಣ್ಣ ಹೊಲಿಗೆ. ಪರವಾಗಿಲ್ಲವಲ್ಲ ನನ್ನ ಮಗ ಅಂದುಕೊಂಡಳು ತಾಯಿ.

ಚೈತ್ರದ ಬಿಸಿಲು ಶುರುವಾಯಿತು. ಕಮಲಾಕ್ಷಿ ಟೀಚರು ಉದ್ದ ತೋಳಿನ ಹಳೇ ರವಿಕೆ ತಂದರು. ತೋಳು ಕತ್ತರಿಸಬೇಕು, ಹಳೇ ಗುಂಡಿ ಹೋಗಿ ಬಟ್ಟೆ ಸುತ್ತಿದ ಹೊಸ ಗುಂಡಿ ಬರಬೇಕು, ಅದೇ ಆ ಬೇಸಿಗೆಯ ಫ್ಯಾಷನ್ನು. ತಿಪ್ಪಮ್ಮ ದಾರ ತರೋಕೆ ಹೊರಟಳು.

"ಪಾಲಾ, ಟೀಚರಮ್ಮ ಸಂಜೆ ಬರ್ತಾರೆ. ಅವರ ರವಿಕೇದು ಐದು ಗುಂಡಿ ತೆಗೆದಿರು. ಸಾಲಾಗಿ ತೆಗಿ, ಒಂದೂ ಬಿಡಬೇಡ."

"ಹೂಂ ಅವ್ವಾ."

ಪಾಲಯ್ಯ ಯೋಚನೆ ಮಾಡಿದ. ಗಿಡಕ್ಕೆ ಗುಂಡಿ ತೆಗೀತಾರೆ, ಕಂಬಕ್ಕೆ ತೆಗೀತಾರೆ. ರವಿಕೆಗೂ ತೆಗೀತಾರೆ ಅಂತ ಗೊತ್ತಿರಲಿಲ್ಲ, ಹೊಸಾ ಫ್ಯಾಷನ್ನೇ ಇರಬೇಕು. ಹಾರೆ ತಂದ. ರವಿಕೆ ನೆಲದ ಮೇಲೆ ಹರಡಿ ಅಳತೆ ಹಿಡಿದ. ಬಾಗಿಲ ಮುಂದೆ ಸಾಲಾಗಿ ಐದು ಗುಂಡಿ, ಮೊಣಕಾಲುದ್ದ. ಬೆವರು ಒರೆಸಿಕೊಂಡ.

ಸಂಜೆ ಟೀಚರು ಬಂದರು. ಎರಡು ಗುಂಡಿ ದಾಟಿದರು, ಮೂರನೇದರಲ್ಲಿ ಕಾಲಿಟ್ಟರು.

"ಇದೇನಪ್ಪಾ ಪಾಲಯ್ಯ?"

"ನಿಮ್ಮ ರವಿಕೇವೇ ಟೀಚರಮ್ಮ. ಮುಂದೆ ಇನ್ನೂ ಎರಡು ಅವೆ, ನೋಡ್ಕೊಂಡು ಬನ್ನಿ."

ತಿಪ್ಪಮ್ಮ ಬಂದು ನೋಡಿ ಹಣೆ ಚಚ್ಚಿಕೊಂಡಳು. ಟೀಚರ ಕಾಲಿಗೆ ಅರಿಶಿನ ಎಣ್ಣೆ ಹಚ್ಚಿದಳು. ಅವರು ಕುಂಟಿಕೊಂಡು ಹೋದ ಮೇಲೆ ಮಗನ ಕಡೆ ತಿರುಗಿದಳು. "ಬಟ್ಟೆ ಕೆಲಸಕ್ಕೂ ನೆಲಕ್ಕೂ ಏನೋ ಸಂಬಂಧ? ಇದೊಂದು ಮಾತು ತಲೇಲಿ ಇಟ್ಕೋ. ಬಟ್ಟೆ ಅನ್ನೋದು ನೆಲ ಮುಟ್ಟಬಾರದು. ನೆಲಕ್ಕೆ ತಾಗ್ತಿದ್ರೆ ಎತ್ತಿ ಹಿಡಿ."

"ಹೂಂ ಅವ್ವಾ" ಅಂದ ಪಾಲಯ್ಯ. ಮರೆಯಬಾರದಲ್ಲ, ಟವೆಲ್ಲಿನ ತುದಿಗೆ ಒಂದು ಗಂಟು ಹಾಕಿಕೊಂಡ.

ಆಷಾಢದ ಗಾಳಿ ಬಂತು. ಗಾಳಿ ಜತೆ ಉದ್ದ ಸೆರಗು ಬಂತು. ಸೆರಗು ಹಿಮ್ಮಡಿ ದಾಟಿ ಹಿಂದೆ ಹಿಂದೆ ಬರಬೇಕು, ಆವಾಗಲೇ ಚೆಂದ. ಬಟ್ಟೆ ಅಂಗಡಿ ಚೌಡಪ್ಪನವರ ಸೊಸೆ ಮೀನಾಕ್ಷಿ ಅಂಥ ಸೀರೆ ಉಟ್ಟುಕೊಂಡು ರವಿಕೆ ಅಳತೆ ಕೊಡೋಕೆ ಬಂದಳು. ಕೊಟ್ಟು ಹೊರಟಳು. ಸೆರಗು ನೆಲ ಗುಡಿಸಿಕೊಂಡು ಹೋಗ್ತಾ ಇತ್ತು.

ಪಾಲಯ್ಯ ಗಂಟು ಮುಟ್ಟಿ ನೋಡಿಕೊಂಡ. ಎದ್ದ. ಎರಡೂ ಕೈಯಲ್ಲಿ ಸೆರಗಿನ ತುದಿ ಎತ್ತಿ ಹಿಡಿದ. ಮೆತ್ತಗೆ ಅವಳ ಹಿಂದೆ ನಡೆದ.

ಪೇಟೆ ಬೀದಿ ದಾಟಿದರು. ಹೂವಿನೋರು ಹೂವು ಕಟ್ಟೋದು ಬಿಟ್ಟು ನೋಡಿದರು. ಹೋಟೆಲಿನವರು ಲೋಟ ಕೈಯಲ್ಲಿ ಹಿಡಿದು ಹೊರಗೆ ಬಂದರು. ಎಲ್ಲರೂ ನನ್ನ ಸೀರೇನೇ ನೋಡ್ತಿದ್ದಾರೆ ಅಂತ ಮೀನಾಕ್ಷಿ ಇನ್ನಷ್ಟು ಬಿಂಕದಲ್ಲಿ ನಡೆದಳು. ಪಾಲಯ್ಯನೂ ಅಷ್ಟೇ ಗಾಂಭೀರ್ಯದಲ್ಲಿ ನಡೆದ. ಮನೆ ಬಾಗಿಲಲ್ಲಿ ತಿರುಗಿ ನೋಡಿದರೆ ಇವನು. ಇವನ ಹಿಂದೆ ಅರ್ಧ ಊರು.

"ಏನೋ ಇದು?"

"ನೆಲ ಮುಟ್ಟಲಿಲ್ಲ ಅಕ್ಕಾ, ನೋಡ್ಕೊಳ್ಳಿ" ಅಂತ ಸೆರಗನ್ನ ಅವಳ ಕೈಗೇ ಕೊಟ್ಟು ಬಂದ.

ತಿಪ್ಪಮ್ಮ ಮತ್ತೆ ಹಣೆ ಚಚ್ಚಿಕೊಂಡಳು. "ಹೆಣ್ಣುಮಕ್ಕಳ ಸೆರಗಿಗೆ ಕೈ ಹಾಕ್ತಾರೇನೋ? ಬೇರೆ ಯಾರಾದ್ರೂ ಆಗಿದ್ದಿದ್ರೆ ನಿನ್ನ ಚರ್ಮ ಸುಲೀತಿದ್ರು. ಏನೇ ಕಂಡ್ರೂ ಐದು ಹೆಜ್ಜೆ ದೂರ ನಿಂತು ಬಾಯಲ್ಲಿ ಹೇಳು. ಮರ್ಯಾದೆಯಾಗಿ ಹೇಳು. ಕೈ ಮಾತ್ರ ಹಾಕಬೇಡ."

"ಹೂಂ ಅವ್ವಾ." ಟವೆಲ್ಲಿಗೆ ಎರಡನೇ ಗಂಟು.

ಮೀನಾಕ್ಷಿ ಕೋಪ ತಣಿಸಬೇಕಲ್ಲ, ತಿಪ್ಪಮ್ಮ ಮಂಜುಗಣ್ಣಲ್ಲೇ ಹಗಲೆಲ್ಲಾ ಕೂತು ಅವಳ ರವಿಕೆ ಹೊಲಿದಳು. ಗಂಜಿ ಹಾಕಿ ಅಂಗಳದ ಹಗ್ಗಕ್ಕೆ ಹರವಿದಳು. ಮಗನನ್ನ ಕಾಯೋಕೆ ಬಿಟ್ಟು ಒಲೆ ಮುಂದೆ ಹೋದಳು. ಅಷ್ಟರಲ್ಲಿ ಪಕ್ಕದ ಮನೆ ಮೇಕೆ ಬಂತು. ಗಂಜಿ ವಾಸನೆ ಅದಕ್ಕೆ ಹಿತವಾಗಿತ್ತು. ತೋಳಿಗೆ ಬಾಯಿ ಹಾಕಿತು.

ಪಾಲಯ್ಯ ಎದ್ದ. ಐದು ಹೆಜ್ಜೆ ಎಣಿಸಿಕೊಂಡು ದೂರ ನಿಂತ.

"ಮೇಕಮ್ಮನೋರೇ, ಅದು ಮೀನಾಕ್ಷಕ್ಕನ ರವಿಕೆ. ತಿನ್ನಬಾರದು."

ಮೇಕೆ ಅವನ ಮುಖ ನೋಡ್ತಾ ನೋಡ್ತಾ ಅಗಿಯಿತು.

"ಇನ್ನೊಂದು ಸಲ ಹೇಳ್ತೀನಿ. ತಪ್ಪು ತಿಳ್ಕೋಬೇಡಿ. ಬಿಟ್ಟುಬಿಡಿ."

ಅವನು ಹೇಳ್ತಾನೇ ಇದ್ದ, ಅದು ತಿಂತಾನೇ ಇತ್ತು. ತಿಪ್ಪಮ್ಮ ಸೌಟು ಹಿಡಿದು ಓಡಿ ಬರೋವಷ್ಟರಲ್ಲಿ ಒಂದು ತೋಳಿನ ಅಂಚು ಅಲೆ ಅಲೆಯಾಗಿ ಹೋಗಿತ್ತು.

ತಿಪ್ಪಮ್ಮ ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. ಕೆಳಗೆ ಕೂತುಬಿಟ್ಟಳು. "ಮೀನಾಕ್ಷಿ ಒಬ್ಬಳು ಹೋದ್ರೆ ಅವಳ ಹಿಂದೆ ಹತ್ತು ಜನ ಹೋಗ್ತಾರೆ. ಇನ್ನು ಮನೇಲಿ ಮಿಷನ್ನು ಇಟ್ಕೊಂಡು ಏನು ಮಾಡ್ಲಿ" ಅಂದಳು. ಪಾಲಯ್ಯನಿಗೆ ಎದೆ ಒಳಗೆ ಏನೋ ಚುಚ್ಚಿದ ಹಾಗಾಯಿತು. ಎಲ್ಲಾ ಹೇಳಿದ ಹಾಗೇ ಮಾಡಿದೀನಿ, ಆದರೂ ಅವ್ವ ಅಳ್ತಾಳೆ. ಏನೂ ತೋಚದೆ ಸೂಜಿಗೆ ದಾರ ಪೋಣಿಸಿ ಅವಳ ಮುಂದೆ ಹಿಡಿದ. ಕೈಗೆ ಸಿಕ್ಕಿದ್ದು ಗಿಳಿಹಸಿರು ದಾರ.

ತಿಪ್ಪಮ್ಮ ಸೂಜಿ ನೋಡಿದಳು, ತೋಳು ನೋಡಿದಳು. ಕಣ್ಣೊರೆಸಿಕೊಂಡಳು. ಮೇಕೆ ಕಚ್ಚಿದ ಅಂಚಿನ ಸುತ್ತ ಹಸಿರು ದಾರದಲ್ಲಿ ಒತ್ತಾಗಿ ಹೊಲಿದಳು. ಇನ್ನೊಂದು ತೋಳನ್ನೂ ಅದೇ ಅಲೆಯಲ್ಲಿ ಕತ್ತರಿಸಿ ಅದಕ್ಕೂ ಹೊಲಿದಳು. ಹೊಲೀತಾ ಹೇಳಿದಳು, "ನೋಡು, ಒಂದು ಕಡೆ ಹೆಂಗೈತೋ ಇನ್ನೊಂದು ಕಡೇನೂ ಹಂಗೇ ಇದ್ರೆ ತಪ್ಪು ಕಾಣಲ್ಲ. ಉಡುಪಿಗೆ ಜೋಡಿನೇ ಅಂದ."

"ಹೂಂ ಅವ್ವಾ." ಮೂರನೇ ಗಂಟು.

ಮೀನಾಕ್ಷಿ ಬಂದಳು, ರವಿಕೆ ತಿರುಗಿಸಿ ತಿರುಗಿಸಿ ನೋಡಿದಳು.

"ಇದ್ಯಾವ ಡಿಸೈನು?"

"ಮೇಕೆ ಕಚ್ಚಿದ್ದು ಅಕ್ಕಾ" ಅಂದ ಪಾಲಯ್ಯ.

"ಮೇಕೆಕಚ್ಚಾ? ಹೆಸರೂ ಚೆನ್ನಾಗಿದೆ" ಅಂದು ಅಲ್ಲೇ ತೊಟ್ಟುಕೊಂಡು ಹೋದಳು.

ಶ್ರಾವಣ ಬರೋ ಹೊತ್ತಿಗೆ ನೂಲಹಳ್ಳಿಯಲ್ಲಿ ಬುಗ್ಗೆ ತೋಳು ಕೇಳೋರೇ ಇಲ್ಲ. ಎಲ್ಲರಿಗೂ ಮೇಕೆಕಚ್ಚು ತೋಳೇ ಬೇಕು. ಗಾಜಿನ ಬಾಗಿಲಿನ ಅಂಗಡೀಲಿ ಅದು ಸಿಗ್ತಾ ಇರಲಿಲ್ಲ, ಗೊಂಬೆಗೂ ಗೊತ್ತಿರಲಿಲ್ಲ. ತಿಪ್ಪಮ್ಮನ ಮಿಷನ್ನು ಮತ್ತೆ ಹಗಲೆಲ್ಲಾ ಗಡಗಡ ಅನ್ನತೊಡಗಿತು. ಕಮಲಾಕ್ಷಿ ಟೀಚರೂ ಬಂದರು, ಬಾಗಿಲ ಮುಂದೆ ನೆಲ ನೋಡಿಕೊಂಡೇ ಬಂದರು.

ವರಮಹಾಲಕ್ಷ್ಮಿ ಹಬ್ಬದ ದಿನ ಪಾಲಯ್ಯ ಚೌಡಪ್ಪನವರ ಮನೆಗೆ ಬಟ್ಟೆ ಗಂಟು ಕೊಡೋಕೆ ಹೋದ. ಮೀನಾಕ್ಷಿಯ ಅತ್ತೆ ಗಂಗವ್ವ ರೇಷ್ಮೆ ಸೀರೆ ಉಟ್ಟು, ಸೆರಗನ್ನ ಎರಡೂ ಭುಜಕ್ಕೆ ಹೊದ್ದು, ಜಗಲಿ ಮೇಲೆ ಕೂತು ಮಜ್ಜಿಗೆ ಕುಡೀತಿದ್ದಳು. ಕೈ ಅಲುಗಿ ಒಂದಿಷ್ಟು ಬಲಭುಜದ ಮೇಲೆ ಚೆಲ್ಲಿತು.

"ಅಯ್ಯೋ, ಒಂದು ಕಡೆಯೆಲ್ಲಾ ಹೋಯ್ತಲ್ಲಪ್ಪ" ಅಂದಳು.

ಒಂದು ಕಡೆ ಅಂದಳಲ್ಲ, ಪಾಲಯ್ಯನಿಗೆ ಮೂರನೇ ಗಂಟು ನೆನಪಾಯಿತು. ಲೋಟ ಇಸಿದುಕೊಂಡ. ಉಳಿದ ಮಜ್ಜಿಗೆಯನ್ನ ಎಡಭುಜದ ಮೇಲೆ ಹುಯ್ದ. ಹಿಂದೆ ಸರಿದು ಎರಡೂ ಕಡೆ ಸರಿ ನೋಡಿದ.

"ಈಗ ಜೋಡಿ ಆಯ್ತು ಗಂಗವ್ವ. ತಪ್ಪೇ ಕಾಣಲ್ಲ."

ಗಂಗವ್ವ ಎದ್ದು ನಿಂತಳು. ಆಮೇಲೆ ಆಡಿದ್ದು ಇಲ್ಲಿ ಹೇಳೋ ಹಾಗಿಲ್ಲ.

ತಿಪ್ಪಮ್ಮ ಸೀರೆ ತಂದು ಒಗೆದಳು. ಮಜ್ಜಿಗೆ ಕಲೆ ಹೋಗಲಿಲ್ಲ. ಹಳೇ ರೇಷ್ಮೆ ಚೂರಲ್ಲಿ ಪುಟ್ಟ ಹೂವು ಮಾಡಿ ಎರಡೂ ಕಡೆ ಕಲೆ ಮೇಲೆ ಹೊಲಿದಳು. ಗಂಗವ್ವ ಕನ್ನಡಿ ನೋಡಿಕೊಂಡು ಸುಮ್ಮನಾದಳು. ಸುಮ್ಮನಾದಳು ಅಂದರೆ ಒಪ್ಪಿದಳು ಅಂತಲೇ.

"ಇದನ್ನ ಕಲ್ತ್ಕೋ" ಅಂದಳು ತಿಪ್ಪಮ್ಮ ಮಗನಿಗೆ. "ಬಟ್ಟೆ ಮೇಲೆ ಕಲೆ ಕಂಡ್ರೆ ಯಾರನ್ನೂ ಕೇಳಬೇಡ, ಏನೂ ಹುಯ್ಯಬೇಡ. ಅದರ ಮೇಲೊಂದು ಹೂವು ಹೊಲಿ. ಗಟ್ಟಿಯಾಗಿ ಹೊಲಿ."

"ಹೂಂ ಅವ್ವಾ." ನಾಲ್ಕನೇ ಗಂಟು.

ಕಲಿತ. ಚಿಂದಿಯಲ್ಲಿ ಸೇವಂತಿಗೆ ಮಾಡಿದ, ಕನಕಾಂಬರ ಮಾಡಿದ. ಊರಿನ ಹೆಂಗಸರು ಕಲೆ ಇಲ್ಲದ ಸೀರೆಗೂ ಹೂವು ಕೇಳೋಕೆ ಶುರು ಮಾಡಿದರು. ದೀಪಾವಳಿಗೆ ಅದೇ ಫ್ಯಾಷನ್ನು.

ಆ ಹೂವಿನ ಮಾತು ಪಕ್ಕದೂರಿಗೂ ಹೋಯಿತು. ಅಲ್ಲಿ ಗಾದ್ರಪ್ಪ ಅಂತ ಒಬ್ಬ ದೊಡ್ಡ ಮನುಷ್ಯ. ಅವನ ಮಗಳು ಈರಕ್ಕನೂ ಬಟ್ಟೆ ಹೊಲಿಯೋಳೇ. ಇಷ್ಟು ಸಣ್ಣ ಹೊಲಿಗೆ ಹಾಕೋ ಕೈ ಯಾವುದು ಅಂತ ನೋಡಬೇಕು ಅಂದಳು. ಮದುವೆಯಾಗದ ಗಂಡು ಅಂತ ಗೊತ್ತಾದ ಮೇಲೆ ಅಪ್ಪನೂ ಹೊರಟ. ಕಾರ್ತಿಕದಲ್ಲಿ ಒಂದು ದಿನ ಇಬ್ಬರೂ ಬಂದರು.

ತಿಪ್ಪಮ್ಮ ಓಡಿ ಹೋಗಿ ಒಲೆ ಹಚ್ಚಿದಳು. ನಾನು ಹೋದ ಮೇಲೆ ಈ ಮಗನಿಗೆ ಯಾರು ಅನ್ನೋ ಚಿಂತೆ ಅವಳಿಗೆ ಹತ್ತು ವರ್ಷದ್ದು. ಹೋಳಿಗೆ ಬಡಿಸಿದಳು. ಊಟ ಆಯಿತು. ಗಾದ್ರಪ್ಪ ಎಲೆ ಅಡಿಕೆ ಹಾಕಿಕೊಂಡು, ಮಂಚದ ಮೇಲೆ ಕೌದಿ ಹಾಸಿದ್ದರಲ್ಲ, ಅಲ್ಲೇ ಒರಗಿ ನಿದ್ದೆ ಹೋದ. ಹೆಂಗಸರು ಒಳಗೆ ಮಾತಿಗೆ ಕೂತರು.

ಗಾದ್ರಪ್ಪನ ಬಿಳೀ ಪಂಚೆ ಮೇಲೆ ಎಲೆ ಅಡಿಕೆ ರಸದ ಒಂದು ಕೆಂಪು ಕಲೆ.

ಪಾಲಯ್ಯ ಯಾರನ್ನೂ ಕೇಳಲಿಲ್ಲ. ಏನೂ ಹುಯ್ಯಲಿಲ್ಲ. ಕೆಂಪು ಚಿಂದಿಯಲ್ಲಿ ಚೆಂದದ ಒಂದು ದಾಸವಾಳ ಮಾಡಿದ. ಪಕ್ಕದಲ್ಲಿ ಕೂತು ಹೊಲಿದ. ಗಟ್ಟಿಯಾಗಿ ಹೊಲಿದ. ಸೂಜಿ ಪಂಚೆ ದಾಟಿ ಕೌದಿಗೆ ಇಳೀತಾ ಇದ್ದದ್ದು ಅವನಿಗೂ ಗೊತ್ತಾಯಿತು. ಗಟ್ಟಿಗೆ ಒಳ್ಳೇದೇ ಅಂದುಕೊಂಡ.

ಗಾದ್ರಪ್ಪ ಎಚ್ಚರಾಗಿ ಎದ್ದ. ಕೌದಿಯೂ ಜತೆಗೆ ಎದ್ದಿತು. ಕೂತ. ಮತ್ತೆ ಎದ್ದ. ತಿಪ್ಪಮ್ಮ ಬಂದು ನೋಡಿದಳು.

"ಅಯ್ಯೋ ಪಾಪಿ, ಬೇಗ ಬಿಚ್ಚೋ ಅದನ್ನ!"

ಪಾಲಯ್ಯ ಬೇಗ ಬಿಚ್ಚಿದ. ಹೊಲಿಗೆ ಅಲ್ಲ, ಪಂಚೆ. ಪಂಚೆ ಕೌದಿಯ ಜತೆ ನೆಲಕ್ಕೆ ಬಿತ್ತು. ಗಾದ್ರಪ್ಪ ಪಟ್ಟೆ ಚಡ್ಡಿಯಲ್ಲಿ ನಿಂತಿದ್ದ.

ತಿಪ್ಪಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಈರಕ್ಕ ಮಾತ್ರ ಬಗ್ಗಿ ದಾಸವಾಳದ ಹೊಲಿಗೆ ನೋಡಿದಳು. ಆಮೇಲೆ ಪಾಲಯ್ಯನ ಕಡೆ ತಿರುಗಿ ನಿಧಾನಕ್ಕೆ ಹೇಳಿದಳು.

"ಕತ್ತರಿ ತಗೊಳ್ಳಿ. ಕೌದಿ ಕಡೆಯಿಂದ ದಾರ ಮಾತ್ರ ಕತ್ತರಿಸಿ, ಬಟ್ಟೆ ಕತ್ತರಿಸಬೇಡಿ. ಆಮೇಲೆ ಪಂಚೇನ ಅಪ್ಪನ ಕೈಗೆ ಕೊಡಿ. ಕೊಟ್ಟು ಗೋಡೆ ಹತ್ತಿರ ನಿಂತ್ಕೊಳ್ಳಿ."

ಅಂದಂತೆಯೇ ಮಾಡಿದ. ಒಂದು ಎಳೆ ಬಟ್ಟೆ ಹರಿಯಲಿಲ್ಲ. ಹೋಗಿ ಗೋಡೆ ಹತ್ತಿರ ನಿಂತ. ಇಷ್ಟು ಸರಿಯಾಗಿ ಯಾರೂ ತನಗೆ ಯಾವತ್ತೂ ಹೇಳಿರಲಿಲ್ಲ ಅನ್ನಿಸಿ ಅವನ ಮುಖ ಅರಳಿತು.

"ಅಪ್ಪಾ, ಈ ಮನುಷ್ಯನಲ್ಲಿ ಐಬಿಲ್ಲ. ಹೇಳೋರು ಅರ್ಧ ಹೇಳ್ತಾರೆ, ಇವರು ಪೂರ್ತಿ ಮಾಡ್ತಾರೆ. ನಾನು ಪೂರ್ತಿ ಹೇಳ್ತೀನಿ" ಅಂದಳು ಈರಕ್ಕ.

ಗಾದ್ರಪ್ಪ ಪಂಚೆ ಉಟ್ಟುಕೊಂಡ. ದಾಸವಾಳ ಸವರಿ ನೋಡಿಕೊಂಡ. ಗಟ್ಟಿಯಾಗೇನೋ ಇತ್ತು. "ಆಗಲಿ, ತಾಂಬೂಲ ತನ್ನಿ" ಅಂದು ಮಂಚದ ಮೇಲೆ ಕಾಲು ಚಾಚಿ ಕೂತ.

ತಿಪ್ಪಮ್ಮನಿಗೆ ಸಂತೋಷ ತಡೆಯೋಕಾಗಲಿಲ್ಲ. "ನಿಂತು ನೋಡ್ತೀಯಲ್ಲೋ ಪಾಲಾ, ಮಾವನೋರ ಕಾಲಿಗೆ ಬೀಳು" ಅಂದಳು.

"ಅತ್ತೆ, ಸ್ವಲ್ಪ ತಾಳಿ" ಅಂತ ಈರಕ್ಕ ಕೈ ಎತ್ತೋವಷ್ಟರಲ್ಲಿ ಪಾಲಯ್ಯ ಮಂಚ ಹತ್ತಿಯಾಗಿತ್ತು. ಮಾವನೋರ ಕಾಲು ಎಲ್ಲೈತೆ ಅಂತ ಗುರಿ ನೋಡಿದ. ಕಣ್ಣು ಮುಚ್ಚಿಕೊಂಡು ಬಿದ್ದ.

ಮಾರ್ಗಶಿರಕ್ಕೆ ಅಂತಿದ್ದ ಮದುವೆ ಮಾಘಕ್ಕೆ ಹೋಯಿತು. ಅಷ್ಟರಲ್ಲಿ ಗಾದ್ರಪ್ಪನ ಕಾಲಿನ ಮೂಳೆ ಕೂಡಿಕೊಂಡಿತ್ತು. ಮದುವೆ ಚೆನ್ನಾಗೇ ಆಯಿತು, ತಿಪ್ಪಮ್ಮ ಮೇಕೆಕಚ್ಚು ತೋಳಿನ ರವಿಕೆ ತೊಟ್ಟು ಚಪ್ಪರದ ತುಂಬಾ ಓಡಾಡಿದಳು. ಧಾರೆ ಮುಗಿದ ಮೇಲೆ ಪುರೋಹಿತರು "ಹಿರಿಯರ ಕಾಲಿಗೆ ಬೀಳಪ್ಪ" ಅಂತ ಪಾಲಯ್ಯನಿಗೆ ಹೇಳಿದಾಗ, ಗಾದ್ರಪ್ಪ ಅಷ್ಟು ಹೊತ್ತಿಗೇ ಎದ್ದು ಚಪ್ಪರ ದಾಟಿ ಬೇಲಿ ಆಚೆ ಹೋಗಿ ನಿಂತಿದ್ದ.